ಸಂಧಿವಾತಕ್ಕೆ ಸರ್ಟಿಫಿಕೇಟ್ ಇಲ್ಲ, ಮಡಚಲಾಗದ ಬೆರಳಿಗೆ ಇದೆ

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿ 9 ವರ್ಷ ಆಯಿತು. ಐದು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ. ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇನೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಬರುವುದಿಲ್ಲ. ಬಲಗೈ ಬೆರಳುಗಳು ಒಂದು ಕಡೆಗೆ ವಾಲಿವೆ. ಟಾರ್ಗೆಟ್ ಮುಟ್ಟುತ್ತಿಲ್ಲ, ದಿನಾ ಸೂಪರ್‌ವೈಸರ್ ಹತ್ತಿರ ಮಾತು ಕೇಳಬೇಕು. ರಾಜೀನಾಮೆ ಕೊಟ್ಟು, ಪಿಎಫ್ ದುಡ್ಡು ತಗೊಂಡು, ಸರ್ಕಾರದ ಅಂಗವಿಕಲ ವೇತನಕ್ಕೆ ಅರ್ಜಿ ಹಾಕೋಣ ಅಂತಿದ್ದೇನೆ. ಆದರೆ ಒಂದು ಆಸ್ಪತ್ರೆಯಲ್ಲಿ ‘ಸಂಧಿವಾತಕ್ಕೆಲ್ಲ ಸರ್ಟಿಫಿಕೇಟ್ ಕೊಡೋದಿಲ್ಲ’ ಅಂದರು. ಊರಲ್ಲಿ ಒಬ್ಬರು ‘ದುಡ್ಡು ಕೊಡಿ, 60 ಪರ್ಸೆಂಟ್ ಮಾಡಿಸಿಕೊಡ್ತೀನಿ’ ಅಂತಾರೆ. ಏನು ಮಾಡಲಿ?

ಉತ್ತರ: ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಒಂದು ಅರ್ಜೆಂಟ್ ಮಾತು. ರಾಜೀನಾಮೆ ಪತ್ರ ಕೊಡಬೇಡಿ. ಕೊಡಲು ಬರೆದಿಟ್ಟಿದ್ದರೆ ಪರ್ಸಿನಲ್ಲೇ ಇರಲಿ. ಪಿಎಫ್ ತೆಗೆಯುವ ಫಾರಂಗೂ ಸದ್ಯಕ್ಕೆ ಸಹಿ ಹಾಕಬೇಡಿ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಸಂಬಳದಿಂದ ಕಡಿತವಾಗುವ ಪಿಎಫ್ ಜೊತೆಗೆ ಕಂಪನಿಯವರೂ ಒಂದು ಪಾಲು ಕಟ್ಟುತ್ತಾರೆ ಅಲ್ವಾ? ಅವರ ಪಾಲಿನಲ್ಲಿ ಸಂಬಳದ ಶೇ 8.33ರಷ್ಟು ಪಿಂಚಣಿ ಯೋಜನೆಗೆ ಹೋಗುತ್ತದೆ. ಅದರ ಹೆಸರು ಇಪಿಎಸ್ 1995. 58 ವರ್ಷ ಆದ ಮೇಲೆ ಬರುವ ಪಿಂಚಣಿ ಅಷ್ಟೇ ಅದರಲ್ಲಿ ಇರುವುದು ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಅದರಲ್ಲೇ ಅಂಗವೈಕಲ್ಯ ಪಿಂಚಣಿ ಅಂತ ಇನ್ನೊಂದಿದೆ. ಕೆಲಸದಲ್ಲಿ ಇರುವಾಗಲೇ ಒಬ್ಬರು ಶಾಶ್ವತವಾಗಿ, ಪೂರ್ತಿಯಾಗಿ ಕೆಲಸ ಮಾಡಲಾಗದ ಸ್ಥಿತಿಗೆ ಬಂದರೆ ಈ ಪಿಂಚಣಿ ಸಿಗುತ್ತದೆ. ಇದಕ್ಕೆ 10 ವರ್ಷ ಸರ್ವಿಸ್ ಬೇಕಿಲ್ಲ. ಕನಿಷ್ಠ ಒಂದು ತಿಂಗಳ ಹಣ ಕಟ್ಟಿದ್ದರೂ ಸಾಕು.

ಇಲ್ಲಿ ಕಾನೂನು ಕೇಳುವ ಪ್ರಶ್ನೆಯನ್ನು ಗಮನಿಸಿ. ವೈಕಲ್ಯ ಬಂದ ಹೊತ್ತಿಗೆ ನೀವು ಮಾಡಬಲ್ಲವರಾಗಿದ್ದ ಯಾವ ಕೆಲಸವನ್ನೂ ಇನ್ನು ಮಾಡಲಾಗದೇ? ಇದೇ ಪ್ರಶ್ನೆ. ಫ್ಯಾಕ್ಟರಿಯಲ್ಲಿ ಕೈ ಮೆಷಿನ್‌ಗೆ ಸಿಕ್ಕಿ ಹೀಗಾಯಿತೋ, ಮನೆಯಲ್ಲಿ ಕಾಯಿಲೆ ಬಂದು ಹೀಗಾಯಿತೋ ಎಂದು ಅದು ನೋಡುವುದಿಲ್ಲ. ಎರಡೂ ನಡೆಯುತ್ತದೆ. ಕಂಪನಿ ಮೂಲಕ ಫಾರಂ 10-ಡಿ ಹಾಕಬೇಕು, ಇಪಿಎಫ್‌ಒ, ಅಂದರೆ ಪಿಎಫ್ ಕಚೇರಿಯವರು, ಹೇಳುವ ವೈದ್ಯಕೀಯ ಮಂಡಳಿಯ ಮುಂದೆ ಪರೀಕ್ಷೆ ಆಗಬೇಕು. ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ದೊಡ್ಡ ದುಡ್ಡಲ್ಲ, ಆದರೆ ಜೀವನಪೂರ್ತಿ ಬರುವ ದುಡ್ಡು.

ಈಗ ನೀವು ರಾಜೀನಾಮೆ ಕೊಟ್ಟು, 10-ಸಿ ಫಾರಂ ಹಾಕಿ ಪಿಂಚಣಿ ಪಾಲನ್ನೂ ಒಟ್ಟಿಗೆ ತೆಗೆದುಬಿಟ್ಟರೆ ಈ ಬಾಗಿಲು ಮುಚ್ಚಿಹೋಗುತ್ತದೆ. ‘ಕೆಲಸದಲ್ಲಿ ಇರುವಾಗಲೇ’ ಅನ್ನುವ ಷರತ್ತೇ ಉಳಿಯುವುದಿಲ್ಲ. ಇನ್ನೂ ಒಂದಿದೆ. ನಿಮಗೆ 9 ವರ್ಷ ಆಗಿದೆ. ಹಣ ಕಟ್ಟಿದ ಅವಧಿ 10 ವರ್ಷ ಮುಟ್ಟಿದರೆ, ಅಂಗವೈಕಲ್ಯದ ಅರ್ಜಿ ತಿರಸ್ಕಾರವಾದರೂ 58ಕ್ಕೆ ಮಾಮೂಲಿ ಪಿಂಚಣಿಯ ಹಕ್ಕು ಇರುತ್ತದೆ. ಒಂಬತ್ತಕ್ಕೆ ಬಿಟ್ಟು ಎಲ್ಲ ಬಳಿದುಕೊಂಡು ಬರುವುದು ಎಂಥ ನಷ್ಟ ನೋಡಿ. ಅಕಸ್ಮಾತ್ ಬಿಡಲೇಬೇಕಾಗಿ ಬಂದರೂ ಪಿಂಚಣಿ ಪಾಲನ್ನು ತೆಗೆಯದೆ, ಸ್ಕೀಮ್ ಸರ್ಟಿಫಿಕೇಟ್ ಕೇಳಿ, ಅಂದರೆ ನಿಮ್ಮ ಪಿಂಚಣಿಯ ಸರ್ವಿಸ್ ಉಳಿಸಿಕೊಡುವ ಪತ್ರ. ಗ್ರ್ಯಾಚುಟಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಐದು ವರ್ಷ ದಾಟಿದ್ದೀರಿ, ಇವತ್ತು ಬಿಟ್ಟರೂ ಮುಂದಿನ ವರ್ಷ ಬಿಟ್ಟರೂ ಅದು ನಿಮ್ಮದೇ.

‘ಆದರೆ ನನ್ನ ಕೈಲಿ ಈಗ ಕೆಲಸಕ್ಕೆ ಹೋಗಲು ಆಗುತ್ತಿಲ್ಲವಲ್ಲ’ ಅನ್ನುತ್ತೀರಿ. ಅದಕ್ಕೇ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇರುವುದು. ಚಿಕಿತ್ಸೆ ಮೈಸೂರಿನಲ್ಲಿ ಅಂತ ಬರೆದಿದ್ದೀರಿ, ಇಎಸ್‌ಐ ಬಗ್ಗೆ ಒಂದು ಮಾತೂ ಇಲ್ಲ. ನಿಮ್ಮಂಥ ಎಷ್ಟೋ ಜನ ಅಲ್ಲಿನ ಸಾಲು ನೋಡಿ ಆ ಕಡೆ ಹೋಗುವುದನ್ನೇ ಬಿಟ್ಟಿರುತ್ತಾರೆ. ತಿಂಗಳು ತಿಂಗಳು ದುಡ್ಡು ಮಾತ್ರ ಕಡಿತವಾಗುತ್ತಿರುತ್ತದೆ. ದಯವಿಟ್ಟು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ. ಮೈಸೂರಿನ ಚೀಟಿಗಳನ್ನೆಲ್ಲ ತೋರಿಸಿ. ಅಲ್ಲಿನ ವೈದ್ಯರು ‘ಇವರಿಗೆ ಇಷ್ಟು ದಿನ ವಿಶ್ರಾಂತಿ ಬೇಕು’ ಎಂದು ಅವರದೇ ಫಾರಂನಲ್ಲಿ ಸರ್ಟಿಫಿಕೇಟ್ ಕೊಟ್ಟರೆ, ಆ ದಿನಗಳಿಗೆ ಸಂಬಳದ ಶೇ 70ರಷ್ಟು ನಿಮಗೆ ಬರುತ್ತದೆ. ವರ್ಷಕ್ಕೆ 91 ದಿನದ ತನಕ. ಆರು ತಿಂಗಳ ಕಟ್ಟುವ ಅವಧಿಯಲ್ಲಿ 78 ದಿನ ಹಣ ಕಟ್ಟಿರಬೇಕು ಅನ್ನುವುದು ಷರತ್ತು. ನಿಮ್ಮ ಹಾಜರಿ ಸರಿ ಇದ್ದರೆ ಇದು ತೊಂದರೆ ಆಗಬಾರದು. ಹೊರಗಿನ ಡಾಕ್ಟರ ಪತ್ರ ಒಂದನ್ನೇ ಇಟ್ಟುಕೊಂಡು ಹೋದರೆ ನಡೆಯುವುದಿಲ್ಲ.

ಈ ದುಡ್ಡು ಪಡೆಯುತ್ತಿರುವ ದಿನಗಳಲ್ಲಿ ಕಂಪನಿ ನಿಮ್ಮನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ಇಎಸ್‌ಐ ನಿಯಮ ಅದನ್ನು ತಡೆಯುತ್ತದೆ. ಎಚ್‌ಆರ್‌ನವರು ‘ಸುಮ್ನೆ ರಿಸೈನ್ ಮಾಡಿಬಿಡಮ್ಮ, ನಿನಗೂ ಆರಾಮ, ನಮಗೂ ಆರಾಮ’ ಅಂದರೆ ಇದನ್ನು ನೆನಪಿಟ್ಟುಕೊಳ್ಳಿ.

ರಜೆ ಮುಗಿದು ವಾಪಸ್ ಹೋದಾಗ ಮೆಷಿನ್ ಮೇಲೆ ಕೂರುವುದು ಆಗದಿದ್ದರೆ ಚೆಕಿಂಗ್‌ಗೋ ಫಿನಿಶಿಂಗ್‌ಗೋ ಬದಲಾಯಿಸಿ ಎಂದು ಬರವಣಿಗೆಯಲ್ಲಿ ಕೇಳಿ. ಕೊಡಬಹುದು, ಕೊಡದೇ ಇರಬಹುದು. ಆದರೆ ಆ ಪತ್ರದ ನಕಲಿಗೆ ಕಂಪನಿಯ ಸೀಲ್ ಹಾಕಿಸಿಕೊಂಡು ಇಟ್ಟುಕೊಳ್ಳಿ. ಇಂಥ ದಿನಾಂಕದಿಂದ ಇವರಿಗೆ ಟೈಲರ್ ಕೆಲಸ ಆಗುತ್ತಿರಲಿಲ್ಲ ಅನ್ನುವುದಕ್ಕೆ ಮುಂದೆ ಅದೇ ಸಾಕ್ಷಿ ಆಗುತ್ತದೆ.

ಇನ್ನು ಸರ್ಟಿಫಿಕೇಟ್ ವಿಷಯ.

‘ಸಂಧಿವಾತಕ್ಕೆ ಕೊಡೋದಿಲ್ಲ’ ಎಂದವರು ಅರ್ಧ ಸತ್ಯ ಹೇಳಿದ್ದಾರೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಿಂದಿನ 1995ರ ಕಾನೂನಿನಲ್ಲಿ 7 ಬಗೆಯ ವೈಕಲ್ಯ ಇತ್ತು, ಈಗ 21 ಇದೆ. ಆ 21ರ ಪಟ್ಟಿಯಲ್ಲಿ ರುಮಟಾಯ್ಡ್ ಸಂಧಿವಾತ ಅನ್ನುವ ಹೆಸರು ಹುಡುಕಿದರೂ ಸಿಗುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಕಿಡ್ನಿ ವೈಫಲ್ಯ ಇಲ್ಲ, ಹೃದಯದ ಕಾಯಿಲೆ ಇಲ್ಲ, ಕ್ಯಾನ್ಸರ್ ಇಲ್ಲ. ಹೆಸರು ಹೇಳಿ ಸೇರಿಸಿರುವ ದೀರ್ಘಕಾಲದ ಕಾಯಿಲೆಗಳು ಕೆಲವೇ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ನರದ ಕಾಯಿಲೆಗಳು, ಹಿಮೋಫಿಲಿಯಾ, ಥಲಸೀಮಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳು, ಮಸ್ಕ್ಯುಲರ್ ಡಿಸ್ಟ್ರಫಿ, ಮಾನಸಿಕ ಕಾಯಿಲೆ.

ಆದರೆ ಪಟ್ಟಿಯಲ್ಲಿ ‘ಚಲನವಲನ ವೈಕಲ್ಯ’ ಇದೆ, ಅಂದರೆ ಲೊಕೊಮೋಟರ್ ಡಿಸಬಿಲಿಟಿ. ಅದು ಪೋಲಿಯೊದಿಂದ ಬಂತೋ, ಅಪಘಾತದಿಂದ ಬಂತೋ, ಸಂಧಿವಾತದಿಂದ ಬಂತೋ ಎನ್ನುವುದು ಎರಡನೇ ಮಾತು. ಸರ್ಟಿಫಿಕೇಟ್ ಕೊಡುವ ವೈದ್ಯಕೀಯ ಬೋರ್ಡಿನವರು ಅಳೆಯುವುದು ಕಾಯಿಲೆಯನ್ನಲ್ಲ, ಕಾಯಿಲೆ ನಿಮ್ಮ ಕೈಕಾಲಿಗೆ ಏನು ಮಾಡಿ ಹೋಗಿದೆ ಎನ್ನುವುದನ್ನು. ಸಕ್ಕರೆ ಕಾಯಿಲೆಗೆ ಸರ್ಟಿಫಿಕೇಟ್ ಇಲ್ಲ, ಸಕ್ಕರೆಯಿಂದ ಕಣ್ಣು ಹೋದರೆ ಇದೆ, ಕಾಲು ತೆಗೆದರೆ ಇದೆ. ನಿಮ್ಮದೂ ಹಾಗೆಯೇ.

ಹಾಗಾಗಿ ‘ನನಗೆ ಸಂಧಿವಾತ ಇದೆ, ಸರ್ಟಿಫಿಕೇಟ್ ಕೊಡಿ’ ಎಂದು ಕೇಳಿದರೆ ಮತ್ತೆ ಅದೇ ಉತ್ತರ ಬರುತ್ತದೆ. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿನ ಅರ್ಜಿಯಲ್ಲಿ, ವೈಕಲ್ಯದ ಬಗೆ ಆರಿಸುವ ಕಡೆ ಲೊಕೊಮೋಟರ್ ಡಿಸಬಿಲಿಟಿ ಅಂತಲೇ ಆರಿಸಿ. ಸೈಬರ್ ಸೆಂಟರ್‌ನಲ್ಲಿ ತುಂಬುವ ಹುಡುಗರು ‘ಕ್ರಾನಿಕ್’ ಅನ್ನುವ ಪದ ಕಂಡ ತಕ್ಷಣ ನರದ ಕಾಯಿಲೆಯ ಮೇಲೆ ಒತ್ತಿಬಿಡುತ್ತಾರೆ. ಆಮೇಲೆ ಅರ್ಜಿ ನರರೋಗ ತಜ್ಞರ ಕಡೆ ಹೋಗಿ, ‘ನಮ್ಮದಲ್ಲ’ ಎಂದು ವಾಪಸ್ ಬರುತ್ತದೆ. ಪಕ್ಕದಲ್ಲೇ ನಿಂತು ನೋಡಿ.

ಬೋರ್ಡಿನ ಮುಂದೆ ಏನು ನಡೆಯುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗೊತ್ತಿಲ್ಲದೆ ಹೋದವರು ಹತ್ತು ನಿಮಿಷದಲ್ಲಿ ಹೊರಗೆ ಬಂದು ‘ಸರಿಯಾಗಿ ನೋಡಲೇ ಇಲ್ಲ’ ಎಂದು ಅಳುವುದು ಮಾಮೂಲಿ.

ಕೇಂದ್ರದ ಮಾರ್ಗಸೂಚಿ 2018ರಲ್ಲಿ ಬಂದು, 2024ರಲ್ಲಿ ಪರಿಷ್ಕರಣೆ ಆಗಿದೆ. ಕೈಯನ್ನು ನೋಡುವ ರೀತಿ ಹೀಗೆ. 2018ರ ಲೆಕ್ಕದಲ್ಲಿ ಅಂಗೈ ಮತ್ತು ಬೆರಳುಗಳಿಗೆ ಒಟ್ಟು 90 ಅಂಕ. ಹಿಡಿತಕ್ಕೆ 30, ಸ್ಪರ್ಶಜ್ಞಾನಕ್ಕೆ 30, ಬಲಕ್ಕೆ 30. ಹಿಡಿತ ನೋಡಲು ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳನ್ನೂ ಒಂದೊಂದಾಗಿ ಮುಟ್ಟಿಸುತ್ತಾರೆ. ಬೀಗದ ಕೈ ಹಿಡಿಯಲು ಹೇಳುತ್ತಾರೆ. ದಪ್ಪ ಕೊಳವೆ, ಸಣ್ಣ ಕೊಳವೆ, ದೊಡ್ಡ ಚೆಂಡು, ಸಣ್ಣ ಚೆಂಡು ಹಿಡಿಯುತ್ತೀರಾ ನೋಡುತ್ತಾರೆ. ಬ್ಯಾಗ್ ಎತ್ತಿಸುತ್ತಾರೆ.

ಇದರಲ್ಲಿ ನಿಮ್ಮಂಥವರಿಗೆ ಒಂದು ಪೆಟ್ಟು ಇದೆ. ಸಂಧಿವಾತದಲ್ಲಿ ಸಾಮಾನ್ಯವಾಗಿ ಸ್ಪರ್ಶ ಚೆನ್ನಾಗಿಯೇ ಇರುತ್ತದೆ. ಅಂದರೆ 90ರಲ್ಲಿ ಮೂರನೇ ಒಂದು ಭಾಗದಲ್ಲಿ ನಿಮಗೆ ವೈಕಲ್ಯ ಸೊನ್ನೆ. ನೋವಿಗೆ ಈ ಕೋಷ್ಟಕದಲ್ಲಿ ಜಾಗವೇ ಇಲ್ಲ. ರಾತ್ರಿಯೆಲ್ಲ ನಿದ್ದೆ ಇಲ್ಲದಷ್ಟು ನೋವು ಇದ್ದರೂ, ಬೋರ್ಡಿನ ಮುಂದೆ ಹಲ್ಲು ಕಚ್ಚಿ ಬೀಗದ ಕೈ ಹಿಡಿದುಬಿಟ್ಟರೆ ‘ಹಿಡಿಯುತ್ತಾರೆ’ ಎಂದೇ ಬರೆಯುತ್ತಾರೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಏರಿಳಿತ ಇರುವ ಕಾಯಿಲೆಗಳಿಗೆ ಈ ಅಳತೆ ಸರಿ ಹೊಂದುವುದಿಲ್ಲ. ಆದರೆ ಸದ್ಯಕ್ಕೆ ಇರುವುದು ಇದೇ. ಇದರೊಳಗೇ ನಿಮ್ಮ ದಾರಿ ಹುಡುಕಬೇಕು.

ದಾರಿ ಏನೆಂದರೆ, ಕೈಬೆರಳು ಮಾತ್ರ ತೋರಿಸಿ ಬರಬೇಡಿ. ಹೆಚ್ಚಿನವರು ಕಣ್ಣಿಗೆ ಕಾಣುವ ಸೊಟ್ಟ ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಸಂಧಿವಾತ ಬೆರಳಿಗೆ ನಿಲ್ಲುವ ಕಾಯಿಲೆ ಅಲ್ಲವಲ್ಲ. ಮಣಿಕಟ್ಟು, ಮೊಣಕೈ, ಭುಜ, ಮೊಣಕಾಲು, ಹರಡು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತೋಳಿಗೆ ಬೇರೆ ಅಂಕ ಇದೆ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲ ಇದೆ ಎಂದು ನೋಡುತ್ತಾರೆ. ಆಮೇಲೆ ದಿನನಿತ್ಯದ ಹತ್ತು ಕೆಲಸ. ತಲೆಯ ಮೇಲಿನ ಅಟ್ಟದಿಂದ ವಸ್ತು ತೆಗೆದಿಡುವುದು, ಕೈಯಲ್ಲಿ ಊಟ ಮಾಡುವುದು, ತಲೆ ಬಾಚಿ ಜಡೆ ಹಾಕುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಲೋಟದಲ್ಲಿ ನೀರು ಕುಡಿಯುವುದು, ಬರೆಯುವುದು, ಶೌಚದ ನಂತರ ತೊಳೆದುಕೊಳ್ಳುವುದು, ಹೀಗೆ. ಒಂದೊಂದಕ್ಕೂ 9 ಅಂಕ. ಕಾಲಿಗೆ ಬಂದರೆ ಮೆಟ್ಟಿಲು ಹತ್ತುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಒಂಟಿ ಕಾಲಲ್ಲಿ ನಿಲ್ಲುವುದು.

ಜಡೆ ನೀವೇ ಹಾಕಿಕೊಳ್ಳುತ್ತೀರಾ, ಮಗಳು ಹಾಕುತ್ತಾಳಾ? ರವಿಕೆಯ ಹುಕ್ ಯಾರು ಹಾಕುತ್ತಾರೆ? ಮುದ್ದೆ ಮುರಿಯುತ್ತೀರಾ, ಸ್ಪೂನಿನಲ್ಲಿ ಅನ್ನ ತಿನ್ನುತ್ತೀರಾ? ನೆಲದ ಮೇಲೆ ಕೂತರೆ ಯಾರಾದರೂ ಕೈ ಕೊಟ್ಟು ಎಬ್ಬಿಸಬೇಕಾ? ಇದನ್ನೆಲ್ಲ ಹೇಳಲು ನಮ್ಮ ಹೆಣ್ಣುಮಕ್ಕಳಿಗೆ ಸಂಕೋಚ. ಡಾಕ್ಟರು ‘ಮನೆ ಕೆಲಸ ಮಾಡ್ತೀರಾ?’ ಅಂದರೆ ಮರ್ಯಾದೆಗೆ ‘ಹೂಂ, ಹೇಗೋ ಮಾಡ್ಕೋತೀನಿ ಸಾರ್’ ಅಂದುಬಿಡುತ್ತಾರೆ. ಆ ‘ಹೇಗೋ’ ಅನ್ನುವುದು ಫಾರಂನಲ್ಲಿ ಬರುವುದಿಲ್ಲ, ‘ಮಾಡುತ್ತಾರೆ’ ಅನ್ನುವುದು ಮಾತ್ರ ಬರುತ್ತದೆ. ನಟನೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಆಗದ್ದನ್ನು ಆಗುವುದಿಲ್ಲ ಅನ್ನಿ. ಆಗುವುದಾದರೆ ಎಷ್ಟು ಹೊತ್ತು ಹಿಡಿಯುತ್ತದೆ, ಯಾರು ಜೊತೆಗೆ ಬೇಕು ಅನ್ನುವುದನ್ನೂ ಸೇರಿಸಿ ಹೇಳಿ. ಮನೆಯಲ್ಲಿ ನಿಮಗೆ ಸಹಾಯ ಮಾಡುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಇನ್ನೊಂದು ತೊಡಕು ಬೆಳಗಿನ ಬಿಗಿತ. ಎದ್ದ ಮೇಲೆ ಗಂಟೆಗಟ್ಟಲೆ ಇರುವ ಬಿಗಿತ ಬಿಸಿಲೇರಿದ ಹಾಗೆ ಸಡಿಲವಾಗುತ್ತದೆ. ಬೋರ್ಡ್ ನಿಮ್ಮನ್ನು ಕರೆಯುವುದು ಮಧ್ಯಾಹ್ನ ಹನ್ನೆರಡಕ್ಕೆ. ಅಷ್ಟು ಹೊತ್ತಿಗೆ ಕೈ ಸುಮಾರಾಗಿ ಆಡುತ್ತಿರುತ್ತದೆ. ಇದಕ್ಕೆ ಇರುವ ಮದ್ದು ಹಳೆಯ ಚೀಟಿಗಳು. ಪ್ರತಿ ಸಲ ಓಪಿಡಿಗೆ ಹೋದಾಗ ‘ಬೆಳಿಗ್ಗೆ ಇಷ್ಟು ಹೊತ್ತು ಬಿಗಿತ ಇರುತ್ತದೆ, ಮುಷ್ಟಿ ಕಟ್ಟಲು ಆಗುವುದಿಲ್ಲ’ ಎಂದು ಹೇಳಿ, ಚೀಟಿಯಲ್ಲಿ ಬರೆಸಿ. ಒಂದೇ ಸಲ ಬರೆದದ್ದಕ್ಕಿಂತ ಎರಡು ವರ್ಷದ ಚೀಟಿಗಳಲ್ಲಿ ಮತ್ತೆ ಮತ್ತೆ ಬಂದದ್ದಕ್ಕೆ ತೂಕ ಜಾಸ್ತಿ.

ಚಿಕಿತ್ಸೆ ಕೊಡುತ್ತಿರುವ ವೈದ್ಯರಿಂದ ಒಂದು ಪತ್ರವೂ ಬೇಕು. ಹೆಚ್ಚಿನ ಪತ್ರಗಳಲ್ಲಿ ‘ಇವರು ರುಮಟಾಯ್ಡ್ ಸಂಧಿವಾತದಿಂದ ಬಳಲುತ್ತಿದ್ದಾರೆ’ ಎಂದಷ್ಟೇ ಇರುತ್ತದೆ. ಅದರಿಂದ ಉಪಯೋಗ ಇಲ್ಲ. ರಕ್ತದ ರಿಪೋರ್ಟ್ ಕಟ್ಟು ತಂದರೂ ಅಷ್ಟೇ. ಅದು ಕಾಯಿಲೆ ಇದೆ ಅನ್ನುತ್ತದೆ, ಕೈ ಏನಾಗಿದೆ ಅಂತ ಹೇಳುವುದಿಲ್ಲ. ಪತ್ರ ಹೀಗಿರಲಿ ಎಂದು ವಿನಂತಿಸಿ: ‘ಐದು ವರ್ಷದಿಂದ ಸಂಧಿವಾತ. ಮೆಥೊಟ್ರೆಕ್ಸೇಟ್ ಸೇರಿ ಇಂತಿಂಥ ಔಷಧ ಕೊಡಲಾಗಿದೆ. ಬಲಗೈ ಬೆರಳ ಬುಡದ ಕೀಲುಗಳು ವಾಲಿವೆ. ಬಲ ಮಣಿಕಟ್ಟು ಇಷ್ಟು ಡಿಗ್ರಿ ಮಾತ್ರ ಬಾಗುತ್ತದೆ. ಮುಷ್ಟಿ ಪೂರ್ತಿ ಕಟ್ಟಲಾಗದು. ಎಕ್ಸ್‌ರೇಯಲ್ಲಿ ಮೂಳೆ ಸವೆದಿರುವುದು ಕಾಣುತ್ತದೆ. ಇಷ್ಟು ಕಾಲದ ಚಿಕಿತ್ಸೆಯ ನಂತರವೂ ಈ ಸ್ಥಿತಿ ಸುಧಾರಿಸಿಲ್ಲ.’ ಕೊನೆಯ ವಾಕ್ಯ ಮುಖ್ಯ. ಔಷಧದಿಂದ ಸರಿ ಹೋಗಬಹುದಾದ ಊತಕ್ಕೆ ಬೋರ್ಡ್ ಶೇಕಡಾವಾರು ಕೊಡುವುದಿಲ್ಲ. ಚಿಕಿತ್ಸೆ ಮಾಡಿಯೂ ಉಳಿದದ್ದಕ್ಕೆ ಕೊಡುತ್ತದೆ. ಹಾಗಾಗಿ ಮಧ್ಯೆ ಮಾತ್ರೆ ಬಿಟ್ಟಿದ್ದರೆ, ಮೊದಲು ಸರಿಯಾಗಿ ತೆಗೆದುಕೊಳ್ಳಿ. ಇದು ಸರ್ಟಿಫಿಕೇಟಿಗೂ ಒಳ್ಳೆಯದು, ಅದಕ್ಕಿಂತ ಜಾಸ್ತಿ ನಿಮ್ಮ ಕೈಗೆ ಒಳ್ಳೆಯದು. ಎರಡೂ ಕೈಗಳ ಹೊಸ ಎಕ್ಸ್‌ರೇ ಇಟ್ಟುಕೊಳ್ಳಿ.

ಅರ್ಜಿ ಹಾಕುವುದು ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ. ಆಧಾರ್, ಫೋಟೊ, ವಿಳಾಸದ ದಾಖಲೆ, ಮೊಬೈಲ್ ನಂಬರ್ ಬೇಕು. ಶುಲ್ಕ ಇಲ್ಲ. ಸೆಂಟರ್‌ನವರು ತುಂಬಿಕೊಟ್ಟದ್ದಕ್ಕೆ ಏನೋ ತಗೋಬಹುದು, ಅಷ್ಟೇ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಒಬ್ಬರು ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲ್ಲೂಕು ಪಂಚಾಯಿತಿಯಲ್ಲಿ ಅವರ ಮೇಲೆ ಎಂಆರ್‌ಡಬ್ಲ್ಯೂ ಇರುತ್ತಾರೆ. ಅವರಲ್ಲಿ ಬಹಳಷ್ಟು ಜನ ಸ್ವತಃ ವಿಕಲಚೇತನರು, ಈ ಕಚೇರಿಗಳ ಒಳಹೊರಗು ಬಲ್ಲವರು. ಅರ್ಜಿ ತುಂಬುವುದು, ಬೋರ್ಡ್ ಯಾವ ದಿನ ಅಂತ ತಿಳಿಸುವುದು ಅವರ ಕೆಲಸವೇ. ಊರಿನ ಆ ಮಧ್ಯವರ್ತಿಯ ಬದಲು ಇವರನ್ನು ಹುಡುಕಿ.

ಆಸ್ಪತ್ರೆ ಆರಿಸುವ ಕಡೆ ಒಂದು ಅನುಕೂಲ ಇದೆ. ನಿಮ್ಮ ಜಿಲ್ಲೆಯ ಆಸ್ಪತ್ರೆಯನ್ನೇ ಆರಿಸಬೇಕು ಅಂತ ಇಲ್ಲ. ನೀವು ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಗೂ ಅರ್ಜಿ ಹಾಕಬಹುದು. ನಿಮ್ಮ ಫೈಲ್ ಇರುವುದು ಮೈಸೂರಿನಲ್ಲಿ, ನಿಮ್ಮ ಕೈಯನ್ನು ಐದು ವರ್ಷದಿಂದ ನೋಡಿದವರು ಇರುವುದೂ ಅಲ್ಲೇ. ಅಲ್ಲಿ ಅರ್ಹ ಬೋರ್ಡ್ ಇದ್ದರೆ ಅಲ್ಲೇ ಹಾಕುವುದು ವಾಸಿ. ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅರ್ಜಿ ಹಾಕಿದ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಎರಡು ವರ್ಷ ಹಾಗೇ ಬಿದ್ದಿದ್ದರೆ ಅರ್ಜಿ ನಿಷ್ಕ್ರಿಯ ಆಗುತ್ತದೆ. ಕರೆ ಬಂದ ದಿನ ತಪ್ಪಿಸಬೇಡಿ.

ಕಾರ್ಡಿನ ಬಣ್ಣ ನೋಡಿದರೇ ಅಂದಾಜು ಸಿಗುತ್ತದೆ. ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ಬಹುತೇಕ ಸೌಲಭ್ಯಗಳ ಹೊಸ್ತಿಲು ಶೇ 40. ಕೈಗೆ 30, ಕಾಲಿಗೆ 20 ಬಂದರೆ 50 ಆಗುತ್ತದೆ ಅಂತ ಲೆಕ್ಕ ಹಾಕಬೇಡಿ. ಕೂಡಿಸಲು ಬೇರೆ ಸೂತ್ರ ಇದೆ, 43–44ರ ಹತ್ತಿರ ಬಂದು ನಿಲ್ಲುತ್ತದೆ.

ಈಗ ಆ ‘60 ಪರ್ಸೆಂಟ್’ ಮನುಷ್ಯ. ಸುಳ್ಳು ದಾಖಲೆಯಿಂದ ವಿಕಲಚೇತನರ ಸೌಲಭ್ಯ ಪಡೆದರೆ 2016ರ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ಸಿಕ್ಕಿಬಿದ್ದರೆ ಕಾರ್ಡಿನ ಮೇಲಿರುವುದು ನಿಮ್ಮ ಫೋಟೊ, ಅವನದಲ್ಲ. ಅದಕ್ಕಿಂತ ಬೇಸರದ ವಿಷಯ, ನಿಮಗೆ ನಿಜವಾಗಿಯೇ 40 ದಾಟುವ ಅರ್ಹತೆ ಇರಬಹುದು. ಇರುವುದನ್ನೇ ತೋರಿಸಿ ಪಡೆಯಬಹುದಾದದ್ದನ್ನು ದುಡ್ಡು ಕೊಟ್ಟು ಸುಳ್ಳು ಮಾಡಿಕೊಳ್ಳುವುದು ಯಾಕೆ?

ಬೋರ್ಡ್ ಇಲ್ಲ ಅಂದರೆ ಅಥವಾ ತೀರಾ ಕಡಿಮೆ ಕೊಟ್ಟರೆ? ಅರ್ಜಿ ತಿರಸ್ಕರಿಸುವಾಗ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಬಾಯಿಮಾತಿನಲ್ಲಿ ಹೇಳಿ ಕಳಿಸುವ ಹಾಗಿಲ್ಲ. ನಿಮ್ಮನ್ನು ಹಿಂದೆ ಬಾಯಿಮಾತಿನಲ್ಲಿ ವಾಪಸ್ ಕಳಿಸಿದ್ದು ತಿರಸ್ಕಾರವೇ ಅಲ್ಲ, ಯಾಕೆಂದರೆ ಅರ್ಜಿಯೇ ಇರಲಿಲ್ಲ. ಬರವಣಿಗೆಯ ಕಾರಣ ಕೈಗೆ ಸಿಕ್ಕ ಮೇಲೆ 59ನೇ ಸೆಕ್ಷನ್ ಕೆಳಗೆ ಮೇಲ್ಮನವಿ ಹಾಕಬಹುದು. ತಡ ಮಾಡಬೇಡಿ, ಅದಕ್ಕೆ ಗಡುವು ಇರುತ್ತದೆ. ಎಲ್ಲಿ ಹಾಕಬೇಕು ಎಂಬುದನ್ನು ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇದೆ, ಅಲ್ಲಿಗೂ ದೂರು ಬರೆಯಬಹುದು. ಒಂದು ಬಿಳಿ ಹಾಳೆ ಸಾಕು.

ಇನ್ನು ನೀವು ಕೇಳಿದ ಅಂಗವಿಕಲ ವೇತನ. ಇದು ಕಂದಾಯ ಇಲಾಖೆಯದು. ಯುಡಿಐಡಿ ಬಂದ ಮೇಲೆ ನಾಡಕಚೇರಿಯಲ್ಲಿ ಅರ್ಜಿ. ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ವಿಚಾರಿಸುತ್ತಾರೆ. ಶೇ 40ರಿಂದ ಮೇಲೆ ಇದ್ದವರಿಗೆ ಒಂದು ಮೊತ್ತ, ಶೇ 75 ದಾಟಿದರೆ ಅದಕ್ಕಿಂತ ಹೆಚ್ಚು. ಕೇಂದ್ರದ ಪಿಂಚಣಿ ಬೇರೆ ಲೆಕ್ಕ, ಅದಕ್ಕೆ ಶೇ 80 ಬೇಕು. ಅದರಲ್ಲಿ ಬರುವುದು 300 ರೂಪಾಯಿ. ನಿಜ ಹೇಳಬೇಕೆಂದರೆ ರಾಜ್ಯದ ವೇತನವೂ ನಿಮ್ಮ ಔಷಧಿ ಅಂಗಡಿಯ ಬಿಲ್ಲಿಗೆ ಸಾಲುವುದಿಲ್ಲ. ಆ ದುಡ್ಡನ್ನೇ ನಂಬಿ ಕೆಲಸ ಬಿಡುವ ಯೋಚನೆ ಮಾಡಬೇಡಿ ಅನ್ನುವುದು ಇದಕ್ಕೇ.

ಮುಖ್ಯ ವ್ಯತ್ಯಾಸ ಒಂದಿದೆ. ಯುಡಿಐಡಿ ಕಾರ್ಡಿಗೆ ಆದಾಯ ಯಾರೂ ಕೇಳುವುದಿಲ್ಲ. ವೇತನಕ್ಕೆ ಕುಟುಂಬದ ಆದಾಯ ನೋಡುತ್ತಾರೆ. ಬಿಪಿಎಲ್ ಕಾರ್ಡಿಗೆ ಇರುವ 1.2 ಲಕ್ಷದ ಮಿತಿಗಿಂತ ಇದರ ಮಿತಿ ಬಹಳ ಕೆಳಗೆ. ನೀವು ಗಾರ್ಮೆಂಟ್ಸ್ ಸಂಬಳ ತೆಗೆದುಕೊಳ್ಳುತ್ತಿರುವಾಗ ಅರ್ಜಿ ಹಾಕಿದರೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಕ್ರಮ ಹೀಗಿರಲಿ. ಈಗಲೇ ಇಎಸ್‌ಐ ರಜೆ, ಅದರ ಮಧ್ಯೆಯೇ ಯುಡಿಐಡಿ. ಕೈ ಇನ್ನು ಸರಿ ಹೋಗುವುದಿಲ್ಲ ಅಂತ ವೈದ್ಯರೇ ಹೇಳಿದ ಮೇಲೆ, ಕೆಲಸದಲ್ಲಿ ಇರುವಾಗಲೇ ಇಪಿಎಸ್ ಅಂಗವೈಕಲ್ಯ ಪಿಂಚಣಿ. ಸಂಬಳ ನಿಂತ ಮೇಲೆ, ಹೊಸ ಆದಾಯ ಪ್ರಮಾಣಪತ್ರ ಮಾಡಿಸಿಕೊಂಡು ನಾಡಕಚೇರಿ. ಬಸ್ ಪಾಸ್ ಬಗ್ಗೆ ಕೆಲವರು ದೊಡ್ಡದಾಗಿ ಹೇಳುತ್ತಾರೆ. ಶಕ್ತಿ ಯೋಜನೆ ಇರುವ ತನಕ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಅದರ ಅಗತ್ಯ ಇಲ್ಲ, ಅದಕ್ಕಾಗಿ ಅಲೆಯಬೇಡಿ.

ಇದನ್ನು ಓದುವ ಬೇರೆ ಕಾಯಿಲೆಯವರಿಗೆ ಎರಡು ಮಾತು. ಡಯಾಲಿಸಿಸ್‌ನಲ್ಲಿ ಇರುವವರು ಸರ್ಟಿಫಿಕೇಟಿಗಾಗಿ ಸುತ್ತುವುದನ್ನು ನೋಡಿ ನನಗೆ ಸಂಕಟ ಆಗುತ್ತದೆ. ವಾರಕ್ಕೆ ಮೂರು ದಿನ ಮೆಷಿನ್‌ಗೆ ಕಟ್ಟಿಹಾಕಿದ ಜೀವನ ಪಟ್ಟಿಯಲ್ಲಿ ಇಲ್ಲ ಅನ್ನುವುದು ಅರ್ಥವಾಗದ ಮಾತು. ಆದರೆ ಅವರಿಗೆ ಬೇರೆ ದಾರಿಗಳಿವೆ. ಬಿಪಿಎಲ್‌ನವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ. ಡಯಾಲಿಸಿಸ್‌ಗೆ ಹೋಗಿಬರಲು ರೈಲಿನಲ್ಲಿ ರಿಯಾಯಿತಿ ಇದೆ, ಅದಕ್ಕೆ ವೈಕಲ್ಯದ ಕಾರ್ಡ್ ಬೇಡ, ಆಸ್ಪತ್ರೆಯ ಪತ್ರ ಸಾಕು. ಕ್ಯಾನ್ಸರ್, ಥಲಸೀಮಿಯಾ, ಹಿಮೋಫಿಲಿಯಾ, ಹೃದಯ ಶಸ್ತ್ರಚಿಕಿತ್ಸೆಯವರಿಗೂ ಇದೇ ರೀತಿ ಇದೆ. ಇಎಸ್‌ಐ ಇದ್ದರೆ, ಕಿಡ್ನಿ ವೈಫಲ್ಯ, ಕ್ಯಾನ್ಸರ್, ಪಾರ್ಕಿನ್ಸನ್ ಸೇರಿ 34 ಕಾಯಿಲೆಗಳಿಗೆ 91 ದಿನ ಮುಗಿದ ಮೇಲೂ ಸಂಬಳದ ಶೇ 80 ಎರಡು ವರ್ಷದ ತನಕ ಸಿಗಬಹುದು. ಎರಡು ವರ್ಷ ಸತತವಾಗಿ ಇಎಸ್‌ಐ ಇರುವ ಕೆಲಸದಲ್ಲಿ ಇದ್ದಿರಬೇಕು. ಸಂಧಿವಾತ ಆ 34ರಲ್ಲಿ ಇಲ್ಲ, ಅದಕ್ಕೇ ನಿಮಗೆ ಮೇಲೆ ಹೇಳಲಿಲ್ಲ.

ಹಿಮೋಫಿಲಿಯಾ, ಥಲಸೀಮಿಯಾ ಇರುವ ಮಕ್ಕಳ ತಂದೆತಾಯಿ ಒಂದು ತಿಳಿದಿರಲಿ. ಶೇ 40 ದಾಟಿದ ಕಾರ್ಡ್ ಇದ್ದರೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಶೇ 5 ಮೀಸಲಿಗೆ ಅವರು ಬರುತ್ತಾರೆ. ಆದರೆ ಸರ್ಕಾರಿ ಕೆಲಸದ ಶೇ 4 ಮೀಸಲು ಹೇಳುವ, 2016ರ ಕಾಯ್ದೆಯ 34ನೇ ಸೆಕ್ಷನ್‌ನಲ್ಲಿ ರಕ್ತದ ಕಾಯಿಲೆಗಳ ಹೆಸರು ಇಲ್ಲ. ಒಂದೇ ಕಾರ್ಡ್, ಒಂದು ಕಡೆ ನಡೆಯುತ್ತದೆ, ಇನ್ನೊಂದು ಕಡೆ ನಡೆಯುವುದಿಲ್ಲ. ಮಕ್ಕಳಿಗೆ ಮೊದಲೇ ಹೇಳಿ.

ಮತ್ತೆ ನಿಮ್ಮ ವಿಷಯಕ್ಕೆ. ಕಾರ್ಡ್ ಬಂದಾಗ ಅದರ ಮೇಲೆ ‘ಶಾಶ್ವತ’ ಇದೆಯಾ, ‘ತಾತ್ಕಾಲಿಕ’ ಇದೆಯಾ ನೋಡಿ. ಸಂಧಿವಾತದಂಥ ಕಾಯಿಲೆಗೆ ಹಲವು ಸಲ ಅವಧಿ ಹಾಕಿ ಕೊಡುತ್ತಾರೆ. ಆ ಅವಧಿ ಮುಗಿದರೆ ವೇತನ ಕೂಡ ನಿಲ್ಲಬಹುದು, ಆಗ ಮೊದಲಿಂದ ಓಡಾಟ. ಮುಗಿಯುವ ದಿನಾಂಕಕ್ಕೆ ನಾಲ್ಕು ತಿಂಗಳು ಮೊದಲೇ ಮರುಪರೀಕ್ಷೆಗೆ ಅರ್ಜಿ ಹಾಕಿಬಿಡಿ. ದುಡ್ಡು ಬರುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಖಾತೆಗೆ, ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆ ಅಂತ ಇಲ್ಲ. ‘ಮಂಜೂರಾಗಿದೆ, ದುಡ್ಡು ಬಂದಿಲ್ಲ’ ಎನ್ನುವ ಎಷ್ಟೋ ದೂರುಗಳ ಮೂಲ ಇದು. ಸಂಬಳಕ್ಕೆಂದು ಕಂಪನಿ ಮಾಡಿಸಿದ ಖಾತೆ ಜೋಡಣೆ ಆಗಿದ್ದರೆ, ಕೆಲಸ ಬಿಟ್ಟ ಮೇಲೆ ಅದು ನಿಷ್ಕ್ರಿಯ ಆಗುವ ಮೊದಲು ಊರಿನ ಬ್ಯಾಂಕಿಗೋ ಅಂಚೆ ಕಚೇರಿ ಖಾತೆಗೋ ಬದಲಾಯಿಸಿಕೊಳ್ಳಿ.